ಬೃಹದಣುಗಳ ಅಳತೆಗಾರ ಹರ್ಮನ್ ಸ್ಟೌಡಿಂಗರ್

ಇಂದಿನ ಜನಜೀವನದಲ್ಲಿ ಪಾಲಿಮರುಗಳು ಪ್ರವೇಶಿಸದ ಕ್ಷೇತ್ರವೇ ಇಲ್ಲವೆನ್ನಬಹುದು. ಮನೆಯ ಪ್ಲಾಸ್ಟಿಕ್ ಕೊಡ, ಹೊಲಕ್ಕೆ ನೀರು ಹಾಯಿಸುವ ಕೊಳವೆ, ನೈಲಾನ್ ಹಗ್ಗ, ವಾಹನದ ಟೈರು, ಶಾಲಾಬಾಲಕನ ಕೈಯಲ್ಲಿನ ಲೇಖನಿ ಇವೆಲ್ಲವೂ ಪಾಲಿಮರುಗಳಿಂದಲೇ ಆದವು. ಇಂತಹ ವಸ್ತುವಿನ ಒಂದು ಅಣು ಎಷ್ಟು ದೊಡ್ಡದು, ಒಂದು ಮಾದರಿಯಲ್ಲಿರುವ ಅಣುಗಳೆಲ್ಲ ಒಂದೇ ಗಾತ್ರದವೋ ಅಥವಾ ಬೇರೆ ಬೇರೆ ಗಾತ್ರದವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು. ಆದರೆ ಕಳೆದ ಶತಮಾನದ ಆದಿಭಾಗದಲ್ಲಿ ಯೂರೋಪಿನ ಮಹಾ ರಸಾಯನಶಾಸ್ತ್ರಜ್ಞರು ಸಹ ಇದಕ್ಕೆ ಸರಿಯಾದ ಉತ್ತರವನ್ನು ಅರಿತಿರಲಿಲ್ಲ. ಆ ಉತ್ತರಕ್ಕಾಗಿ ತಮ್ಮ ಕೀರ್ತಿಯನ್ನೇ ಪಣವಾಗಿಟ್ಟು ಮೂರು ದಶಕಗಳ ಕಾಲ ದುಡಿದ ಧೀಮಂತರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ಪಾಲಿಮರುಗಳನ್ನು ದ್ರಾವಣದಲ್ಲಿ ಕರಗಿಸಿ, ಅಳೆದು, ಅವುಗಳ ನಿಜಸ್ವರೂಪವನ್ನು ಲೋಕಕ್ಕೆ ತೋರಿಸಿಕೊಟ್ಟವರು ಅವರು. ಅವರ ಜೀವನವು ಸತ್ಯಾನ್ವೇಷಣೆಯ ಕಷ್ಟವನ್ನೂ ಅದರ ಫಲವನ್ನೂ ಏಕಕಾಲಕ್ಕೆ ತಿಳಿಸಿಕೊಡುವಂತಹುದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹರ್ಮನ್ ಸ್ಟೌಡಿಂಗರ್ ಅವರು 1881ನೆಯ ಇಸವಿ ಮಾರ್ಚ್ 23ರಂದು ರೈನ್ ನದಿಯ ತೀರದಲ್ಲಿರುವ ವೋರ್ಮ್ಸ್ ಎಂಬ ಪುರಾತನ ನಗರದಲ್ಲಿ ಜನಿಸಿದರು. ತಂದೆ ಫ್ರಾನ್ಸ್ ಸ್ಟೌಡಿಂಗರ್ ಅವರು ಪ್ರೌಢಶಾಲೆಯ ಅಧ್ಯಾಪಕರು, ತತ್ತ್ವಶಾಸ್ತ್ರದಲ್ಲಿ ಪಾಂಡಿತ್ಯವುಳ್ಳವರು, ಸಹಕಾರ ಚಳವಳಿಯಲ್ಲಿ ಆಸಕ್ತಿಯಿದ್ದವರು. ನೀತಿಯ ವಿಚಾರ, ಸಮಾಜದ ವಿಚಾರ ಆ ಮನೆಯ ನಿತ್ಯದ ಮಾತುಕತೆಯಾಗಿತ್ತು. ಬಾಲಕನಿಗೆ ಗಿಡಮರಗಳಲ್ಲಿ ಅಪಾರ ಒಲವು. ತಾನು ಸಸ್ಯಶಾಸ್ತ್ರಜ್ಞನಾಗಬೇಕೆಂಬುದು ಅವನ ಆಸೆಯಾಗಿತ್ತು. ಸಸ್ಯಗಳನ್ನು ಚೆನ್ನಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರದ ತಳಹದಿ ಬೇಕು ಎಂಬ ಹಿತವಚನ ದೊರೆತುದರಿಂದ ಅವರು ರಸಾಯನಶಾಸ್ತ್ರವನ್ನು ಕೈಗೆತ್ತಿಕೊಂಡರು. ಸಾಧನವೆಂದು ಹಿಡಿದ ಶಾಸ್ತ್ರವೇ ಅವರ ಜೀವನದ ಸಾಧನೆಯಾಯಿತು. ಆದರೂ ಸಸ್ಯಲೋಕದ ಮೇಲಿನ ಪ್ರೀತಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹಾಲೆ, ಡಾರ್ಮ್‌ಸ್ಟಾಟ್, ಮ್ಯೂನಿಕ್ ನಗರಗಳಲ್ಲಿ ವ್ಯಾಸಂಗ ಮಾಡಿ, 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ಅನಂತರ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯೊಹಾನೆಸ್ ಟೀಲೆ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ನಿಂತರು. ಅಲ್ಲಿ 1905ರಲ್ಲಿ ಅವರು ಕೀಟೀನುಗಳೆಂಬ ಹೊಸ ಸಂಯುಕ್ತವರ್ಗವನ್ನು ಕಂಡುಹಿಡಿದಾಗ ಅವರ ವಯಸ್ಸು ಇಪ್ಪತ್ತನಾಲ್ಕು. 1907ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದಲ್ಲಿ ಅಧ್ಯಾಪಕರಾದರು. 1912ರಲ್ಲಿ ರಿಚರ್ಡ್ ವಿಲ್‌ಸ್ಟೇಟರ್ ಅವರಿಂದ ತೆರವಾದ ಪೀಠಕ್ಕೆ ಜ್ಯೂರಿಕ್ಕಿನ ಪ್ರಸಿದ್ಧ ತಾಂತ್ರಿಕ ವಿದ್ಯಾಲಯವು ಅವರನ್ನು ಆಹ್ವಾನಿಸಿತು. ಮೂವತ್ತೊಂದನೆಯ ವಯಸ್ಸಿನಲ್ಲಿ ಅಂತಹ ಪೀಠ ದೊರೆಯುವುದು ಸಾಮಾನ್ಯ ಸಂಗತಿಯಲ್ಲ. ಸಣ್ಣ ಅಣುಗಳ ರಸಾಯನಶಾಸ್ತ್ರದಲ್ಲಿ ಅವರು ಆಗಲೇ ಹೆಸರುವಾಸಿಯಾಗಿದ್ದರು. ಅದೇ ಹಾದಿಯಲ್ಲಿ ನಡೆದಿದ್ದರೆ ಬಾಳೆಲ್ಲ ಗೌರವದಿಂದಲೂ ನೆಮ್ಮದಿಯಿಂದಲೂ ಕಳೆಯುತ್ತಿತ್ತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರ ವ್ಯಕ್ತಿತ್ವದ ಇನ್ನೊಂದು ಮುಖ ಪ್ರಕಟವಾಯಿತು. ಕೈಗಾರಿಕಾ ಬಲವನ್ನು ಲೆಕ್ಕಹಾಕಿ ನೋಡಿದ ಅವರಿಗೆ, ಅಮೆರಿಕವು ಯುದ್ಧಕ್ಕೆ ಇಳಿದ ಮೇಲೆ ಜರ್ಮನಿಯು ಗೆಲ್ಲಲಾರದೆಂಬುದು ಸ್ಪಷ್ಟವಾಯಿತು. 1917ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ವಿಷಾನಿಲಗಳ ಬಳಕೆಯನ್ನು ಖಂಡಿಸಿ ರೆಡ್‌ಕ್ರಾಸ್ ಸಂಸ್ಥೆಯ ಪತ್ರಿಕೆಯಲ್ಲಿಯೂ ಲೇಖನ ಬರೆದರು. ಇದರಿಂದ, ವಿಷಾನಿಲ ಯುದ್ಧದ ಮುಂದಾಳಾಗಿದ್ದ ಫ್ರಿಟ್ಸ್ ಹೇಬರ್ ಅವರ ಕೋಪಕ್ಕೆ ಗುರಿಯಾಗಬೇಕಾಯಿತು. ಅಂಕಿಸಂಖ್ಯೆಗಳು ಹೇಳುವುದನ್ನು, ಅದು ಯಾರಿಗೆ ಅಪ್ರಿಯವಾದರೂ ಸರಿ, ಮರೆಮಾಚದೆ ಹೇಳುವುದು ಅವರ ಸ್ವಭಾವವಾಗಿತ್ತು. ವಿಜ್ಞಾನದಲ್ಲಿಯೂ ಈ ಸ್ವಭಾವವೇ ಅವರನ್ನು ಒಂಟಿಯಾಗಿ ನಿಲ್ಲಿಸಿತು. ಕೊನೆಗೆ ಗೆಲ್ಲಿಸಿದ್ದೂ ಅದೇ.

ಅಂದಿನ ರಸಾಯನಶಾಸ್ತ್ರದ ನಂಬಿಕೆ

ರಬ್ಬರು, ಹತ್ತಿಯಲ್ಲಿರುವ ಸೆಲ್ಯುಲೋಸು, ಪಿಷ್ಟ ಮೊದಲಾದ ವಸ್ತುಗಳು ರಸಾಯನಶಾಸ್ತ್ರಜ್ಞರಿಗೆ ಬಹುಕಾಲದಿಂದ ತೊಡಕಾಗಿದ್ದವು. ಸಕ್ಕರೆಯಂತೆ ಅವು ಹರಳುಗಟ್ಟುವುದಿಲ್ಲ. ಆಲ್ಕೊಹಾಲಿನಂತೆ ಭಟ್ಟಿ ಇಳಿಯುವುದಿಲ್ಲ. ನಿರ್ದಿಷ್ಟ ಉಷ್ಣತೆಯಲ್ಲಿ ಕರಗುವುದೂ ಇಲ್ಲ. ದ್ರವದಲ್ಲಿ ಬೆರೆಸಿದರೆ ಅಂಟಂಟಾದ ಕಲಿಲ ದ್ರಾವಣಗಳಾಗುತ್ತವೆ. ಇವುಗಳಲ್ಲಿರುವುದು ಸಣ್ಣ ಅಣುಗಳೇ, ಆ ಸಣ್ಣ ಅಣುಗಳು ಯಾವುದೋ ದುರ್ಬಲ ಆಕರ್ಷಣೆಯಿಂದ ಗುಂಪುಗೂಡಿಕೊಂಡಿವೆ ಎಂಬುದು ಅಂದಿನ ಬಹುಮತ. ಸುಮಾರು 5,000ಕ್ಕಿಂತ ಹೆಚ್ಚು ಅಣುತೂಕವಿರುವ ಸಾವಯವ ಅಣು ಇರುವುದು ಅಸಂಭವವೆಂದು ಅನೇಕರು ಭಾವಿಸಿದ್ದರು. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಸೆಲ್ಯುಲೋಸಿನ ಹರಳಿನ ಮೂಲಘಟಕವು ಬಹಳ ಚಿಕ್ಕದೆಂದು ತಿಳಿದುಬಂದಿತ್ತು. ಅಣುವು ಮೂಲಘಟಕಕ್ಕಿಂತ ದೊಡ್ಡದಾಗಿರಲಾರದೆಂಬ ಊಹೆಯಿಂದ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಶುದ್ಧವಸ್ತುವೆಂದರೆ ಅದರ ಅಣುಗಳೆಲ್ಲವೂ ಒಂದೇ ಸಮನಾಗಿರಬೇಕು ಎಂಬುದು ಸಾವಯವ ರಸಾಯನಶಾಸ್ತ್ರದ ಮೂಲತತ್ತ್ವವೇ ಆಗಿತ್ತು. ಹರಳುಗಟ್ಟಿಸುವುದು, ಭಟ್ಟಿ ಇಳಿಸುವುದು, ಕರಗುವ ಉಷ್ಣತೆಯನ್ನು ಅಳೆಯುವುದು ಇವೆಲ್ಲವೂ ಆ ತತ್ತ್ವದ ಮೇಲೆ ನಿಂತ ಕ್ರಮಗಳು. ಗಾತ್ರವು ನಿಶ್ಚಿತವಲ್ಲದ ಅಣುಗಳ ಬೆರಕೆಯನ್ನು ಒಂದು ಸಂಯುಕ್ತವೆಂದು ಕರೆಯಲು ಆ ಕಾಲದ ವಿದ್ವಾಂಸರ ಮನಸ್ಸು ಒಪ್ಪದಿದ್ದುದು ಆಶ್ಚರ್ಯವಲ್ಲ.

1920ರಲ್ಲಿ ಸ್ಟೌಡಿಂಗರ್ ಅವರು ಪಾಲಿಮರೀಕರಣವನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಈ ನಂಬಿಕೆಯನ್ನೇ ಅಲುಗಿಸಿದರು. ರಬ್ಬರು, ಪಾಲಿಸ್ಟೈರೀನ್, ಫಾರ್ಮಾಲ್ಡಿಹೈಡಿನ ಪಾಲಿಮರುಗಳು ಸಣ್ಣ ಅಣುಗಳ ಗುಂಪುಗಳಲ್ಲ. ಸಾಮಾನ್ಯ ಸಂಯುಕ್ತಗಳಲ್ಲಿ ಪರಮಾಣುಗಳನ್ನು ಹಿಡಿದಿಡುವ ಬಲವಾದ ಬಂಧಗಳಿಂದಲೇ ಕೊಂಡಿ ಕೊಂಡಿಯಾಗಿ ಬೆಸೆದ ನೀಳ ಸರಪಣಿಗಳು ಎಂದು ಅವರು ವಾದಿಸಿದರು. ವಾದಕ್ಕೆ ಪ್ರಯೋಗದ ಬೆಂಬಲ ಬೇಕಷ್ಟೆ? ರಬ್ಬರಿನಲ್ಲಿರುವ ದ್ವಿಬಂಧಗಳ ಸೆಳೆತದಿಂದಲೇ ಸಣ್ಣ ಅಣುಗಳು ಒಂದುಗೂಡಿವೆಯೆಂಬುದು ವಿರೋಧಪಕ್ಷದ ಹೇಳಿಕೆಯಾಗಿತ್ತು. ಹಾಗಿದ್ದರೆ ಹೈಡ್ರೊಜನ್ನನ್ನು ಸೇರಿಸಿ ದ್ವಿಬಂಧಗಳನ್ನು ಇಲ್ಲವಾಗಿಸಿದಾಗ ಗುಂಪು ಒಡೆದು, ಸುಲಭವಾಗಿ ಭಟ್ಟಿ ಇಳಿಯುವ ಎಣ್ಣೆಯಂತಹ ದ್ರವ ದೊರೆಯಬೇಕು. 1922ರಲ್ಲಿ ಸ್ಟೌಡಿಂಗರ್ ಮತ್ತು ಅವರ ವಿದ್ಯಾರ್ಥಿ ಫ್ರಿಚಿ ಈ ಪ್ರಯೋಗವನ್ನು ಮಾಡಿದರು. ದೊರೆತ ವಸ್ತು ಭಟ್ಟಿ ಇಳಿಯಲಿಲ್ಲ. ರಬ್ಬರಿನಂತೆಯೇ ಕಲಿಲ ದ್ರಾವಣವನ್ನು ಕೊಟ್ಟಿತು. ಸರಪಣಿ ಮುರಿದಿರಲಿಲ್ಲ. ಆ ಪ್ರಬಂಧದಲ್ಲಿಯೇ ಬೃಹದಣು ಎಂಬ ಅರ್ಥವುಳ್ಳ ಮ್ಯಾಕ್ರೊಮಾಲಿಕ್ಯೂಲ್ ಎಂಬ ಹೊಸ ಪದವನ್ನು ಅವರು ಬಳಕೆಗೆ ತಂದರು.

ಬಹುಮತದ ಎದುರು ಒಬ್ಬಂಟಿ

ಹೊಸ ಪದಕ್ಕೆ ಸ್ವಾಗತ ದೊರೆಯಲಿಲ್ಲ. ಹಿರಿಯ ರಸಾಯನಶಾಸ್ತ್ರಜ್ಞರಾದ ಹೈನ್‌ರಿಶ್ ವೀಲಾಂಡ್ ಅವರು, ಈ ದೊಡ್ಡ ಅಣುಗಳ ಕಲ್ಪನೆಯನ್ನು ಬಿಟ್ಟುಬಿಡುವಂತೆಯೂ, ರಬ್ಬರನ್ನು ಚೆನ್ನಾಗಿ ಶುದ್ಧಿಗೊಳಿಸಿದರೆ ಅದು ಹರಳುಗಟ್ಟಿ ಸಣ್ಣ ಅಣುವೆಂದು ತಾನಾಗಿಯೇ ತೋರುವುದೆಂದೂ ಸ್ನೇಹಭಾವದಿಂದ ಸಲಹೆಯಿತ್ತರೆಂದು ಸ್ಟೌಡಿಂಗರ್ ಅವರು ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಕೀಟೀನುಗಳಂತಹ ಅಂದವಾದ ವಿಷಯವನ್ನು ಬಿಟ್ಟು ಇವರು ಜಿಗುಟು ವಸ್ತುಗಳ ಬೆನ್ನುಹತ್ತಿದ್ದೇಕೆಂದು ಮರುಗಿದವರೂ ಇದ್ದರು.

1926ರ ಸೆಪ್ಟೆಂಬರಿನಲ್ಲಿ ಡ್ಯುಸೆಲ್‌ಡಾರ್ಫ್ ನಗರದಲ್ಲಿ ಜರ್ಮನ್ ವಿಜ್ಞಾನಿಗಳ ಹಾಗೂ ವೈದ್ಯರ ಮಹಾಸಭೆ ಸೇರಿತು. ಮ್ಯಾಕ್ಸ್ ಬರ್ಗ್‌ಮನ್, ಹಾನ್ಸ್ ಪ್ರಿಂಗ್ಸ್‌ಹೈಮ್ ಮೊದಲಾದವರು ಸಣ್ಣ ಅಣುಗಳ ಪಕ್ಷವನ್ನು ಮಂಡಿಸಿದರು. ಅಣುವು ಹರಳಿನ ಮೂಲಘಟಕಕ್ಕಿಂತ ದೊಡ್ಡದಾಗಿರಲು ಅಡ್ಡಿಯಿಲ್ಲವೆಂದು ಹರ್ಮನ್ ಮಾರ್ಕ್ ಎಂಬ ಯುವ ವಿಜ್ಞಾನಿ ತೋರಿಸಿಕೊಟ್ಟರು. ಆದರೆ ಬೃಹದಣುಗಳ ಪಕ್ಷವನ್ನು ಪೂರ್ಣವಾಗಿ ಎತ್ತಿಹಿಡಿದವರು ಸ್ಟೌಡಿಂಗರ್ ಮಾತ್ರ. ತಮ್ಮ ಪ್ರಯೋಗಗಳ ಫಲಿತಾಂಶಗಳನ್ನು ಒಂದೊಂದಾಗಿ ಅವರು ಸಭೆಯ ಮುಂದಿಟ್ಟರು. ಸಭೆಯು ಅಂದೇ ಒಪ್ಪಿಬಿಡಲಿಲ್ಲ. ಆದರೆ ಅಸಂಭವವೆಂದು ತಳ್ಳಿಹಾಕುವುದು ಮಾತ್ರ ಆಮೇಲೆ ಸುಲಭವಾಗಿ ಉಳಿಯಲಿಲ್ಲ. ಅದೇ ವರ್ಷ ಅವರು, ವೀಲಾಂಡ್ ಅವರಿಂದ ತೆರವಾದ ಫ್ರೈಬುರ್ಗ್ ವಿಶ್ವವಿದ್ಯಾಲಯದ ಪೀಠಕ್ಕೆ ಬಂದರು. ಮುಂದಿನ ಜೀವನವೆಲ್ಲ ಅಲ್ಲಿಯೇ ಕಳೆಯಿತು.

ವಾದವನ್ನು ಮಾತಿನಿಂದ ಗೆಲ್ಲಲಾಗದೆಂದು ಅವರು ಮನಗಂಡಿದ್ದರು. ಅಣು ದೊಡ್ಡದೆಂದರೆ ಸಾಲದು. ಎಷ್ಟು ದೊಡ್ಡದೆಂದು ಅಳೆದು ಹೇಳಬೇಕು. ಇಲ್ಲಿಂದ ಅಳತೆಯ ಅಧ್ಯಾಯವು ಆರಂಭವಾಗುತ್ತದೆ.

ದ್ರಾವಣದಲ್ಲಿ ಅಳತೆ

ಮೊದಲಿಗೆ ಅವರು ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಫಾರ್ಮಾಲ್ಡಿಹೈಡಿನ ಪಾಲಿಮರುಗಳಲ್ಲಿ ಕಿರುಸರಪಣಿಯ ಸದಸ್ಯರನ್ನು ಒಂದೊಂದಾಗಿ ಬೇರ್ಪಡಿಸಿ, ಕೊಂಡಿಗಳು ಹೆಚ್ಚಿದಂತೆಲ್ಲ ಗುಣಗಳು ಹೇಗೆ ಕ್ರಮವಾಗಿ ಬದಲಾಗುತ್ತವೆಂಬುದನ್ನು ತೋರಿಸಿದರು. ಸರಪಣಿಯ ಎರಡು ತುದಿಗಳಲ್ಲಿರುವ ವಿಶಿಷ್ಟ ಗುಂಪುಗಳ ಪ್ರಮಾಣವನ್ನು ರಾಸಾಯನಿಕ ವಿಶ್ಲೇಷಣೆಯಿಂದ ತಿಳಿದರೆ ಸರಪಣಿಯ ಉದ್ದವನ್ನು ಲೆಕ್ಕಹಾಕಬಹುದು. ಆದರೆ ಸರಪಣಿ ಉದ್ದವಾದಂತೆಲ್ಲ ಒಂದು ಗ್ರಾಮಿನಲ್ಲಿರುವ ತುದಿಗಳ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ; ಕೊನೆಗೆ ವಿಶ್ಲೇಷಣೆಗೆ ಸಿಕ್ಕುವುದೇ ಇಲ್ಲ. ಅಲ್ಲದೆ ಸರಪಣಿ ಉದ್ದವಾದಷ್ಟೂ ಪಕ್ಕಪಕ್ಕದ ಸದಸ್ಯರ ನಡುವಣ ವ್ಯತ್ಯಾಸವು ಅತ್ಯಲ್ಪವಾಗಿ, ಅವರನ್ನು ಒಬ್ಬೊಬ್ಬರಾಗಿ ಬೇರ್ಪಡಿಸುವುದು ಅಸಾಧ್ಯವಾಗುತ್ತದೆ.

ಇಲ್ಲಿ ಅವರ ಕೈಹಿಡಿದದ್ದು ಒಂದು ಸರಳ ಗಾಜಿನ ಉಪಕರಣ, ಸ್ನಿಗ್ಧತಾಮಾಪಕ. ಸೂಕ್ಷ್ಮವಾದ ಲೋಮನಾಳದ ಮೂಲಕ ಶುದ್ಧ ದ್ರಾವಕವು ಇಳಿಯಲು ಹಿಡಿಯುವ ಕಾಲವನ್ನು ಮೊದಲು ಗುರುತಿಸಿಕೊಳ್ಳಬೇಕು. ಅನಂತರ ಅದರಲ್ಲಿ ಅತ್ಯಲ್ಪ ಪ್ರಮಾಣದ ಪಾಲಿಮರನ್ನು ಕರಗಿಸಿ, ಅದೇ ನಾಳದಲ್ಲಿ, ಅದೇ ಉಷ್ಣತೆಯಲ್ಲಿ ಇಳಿಯಬಿಡಬೇಕು. ದ್ರಾವಣವು ಇಳಿಯಲು ಹೆಚ್ಚು ಕಾಲ ಹಿಡಿಯುತ್ತದೆ. ಹೆಚ್ಚಿದ ಈ ಕಾಲದಿಂದ ಸ್ನಿಗ್ಧತೆ ಎಷ್ಟು ಏರಿತೆಂದು ತಿಳಿಯುತ್ತದೆ. ತೂಕದಲ್ಲಿ ಸಮನಾದ ಪಾಲಿಮರನ್ನು ಕರಗಿಸಿದರೂ ಉದ್ದ ಸರಪಣಿಯವು ಗಿಡ್ಡ ಸರಪಣಿಯವುಗಳಿಗಿಂತ ಹರಿವನ್ನು ಹೆಚ್ಚು ತಡೆಯುತ್ತವೆ. 1930ರ ವೇಳೆಗೆ ಸ್ಟೌಡಿಂಗರ್ ಅವರು ಇದಕ್ಕೊಂದು ನಿಯಮವನ್ನು ರೂಪಿಸಿದರು: ಅತಿ ತೆಳುವಾದ ದ್ರಾವಣದಲ್ಲಿ, ಸಾರತೆಗೆ ಹೋಲಿಸಿದಂತೆ ಸ್ನಿಗ್ಧತೆಯ ಏರಿಕೆಯು ಅಣುತೂಕಕ್ಕೆ ನೇರ ಅನುಪಾತದಲ್ಲಿರುತ್ತದೆ. ಸಣ್ಣ ಸದಸ್ಯರ ಅಣುತೂಕವನ್ನು ಬೇರೆ ವಿಧಾನದಿಂದ ನಿರ್ಧರಿಸಿ, ಅನುಪಾತದ ಸ್ಥಿರಾಂಕವನ್ನು ಗೊತ್ತುಮಾಡಿಕೊಂಡರೆ ದೊಡ್ಡವುಗಳ ಅಣುತೂಕವನ್ನು ಗಡಿಯಾರದ ನೆರವಿನಿಂದಲೇ ಕಂಡುಕೊಳ್ಳಬಹುದಾಯಿತು.

ಸ್ಟೈರೀನನ್ನು ಕಡಮೆ ಉಷ್ಣತೆಯಲ್ಲಿ ಪಾಲಿಮರೀಕರಿಸಿದರೆ ಉದ್ದ ಸರಪಣಿಗಳು, ಹೆಚ್ಚು ಉಷ್ಣತೆಯಲ್ಲಿ ಮಾಡಿದರೆ ಗಿಡ್ಡ ಸರಪಣಿಗಳು ಉಂಟಾಗುತ್ತವೆಂಬುದು ಈ ಅಳತೆಗಳಿಂದ ಗೋಚರವಾಯಿತು. ಸೆಲ್ಯುಲೋಸನ್ನು ಅದರ ಉತ್ಪನ್ನವಾಗಿ ಮಾರ್ಪಡಿಸಿ, ಬೇರೆ ದ್ರಾವಕದಲ್ಲಿ ಕರಗಿಸಿ ಅಳೆದರೂ ಸರಪಣಿಯಲ್ಲಿನ ಕೊಂಡಿಗಳ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವರು ತೋರಿಸಿದರು. ದುರ್ಬಲವಾಗಿ ಕೂಡಿಕೊಂಡ ಗುಂಪುಗಳಾಗಿದ್ದರೆ ದ್ರಾವಕ ಬದಲಾದಾಗ, ರಾಸಾಯನಿಕ ಸ್ವರೂಪ ಬದಲಾದಾಗ, ಗುಂಪಿನ ಗಾತ್ರವೂ ಬದಲಾಗಬೇಕಾಗಿತ್ತು. 1932ರಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥದಲ್ಲಿ ಈ ಪುರಾವೆಗಳೆಲ್ಲ ಒಂದೆಡೆ ಸೇರಿದವು.

ಒಂದೇ ಸಂಖ್ಯೆಯ ಹಿಂದಿನ ಬಹುತ್ವ

ಅಳತೆ ಸಾಗಿದಂತೆ ಇನ್ನೊಂದು ಗಹನವಾದ ಸಂಗತಿಯು ಎದುರಾಯಿತು. ಬೆನ್ಝೀನಿನಲ್ಲಿ ಕರಗಿಸಿದ ಪಾಲಿಸ್ಟೈರೀನಿಗೆ, ಅದನ್ನು ಕರಗಿಸಲಾರದ ಮೆಥನಾಲನ್ನು ಮೆಲ್ಲಮೆಲ್ಲನೆ ಸೇರಿಸುತ್ತ ಹೋದರೆ ಅತ್ಯಂತ ಉದ್ದವಾದ ಸರಪಣಿಗಳು ಮೊದಲು ದ್ರಾವಣದಿಂದ ಹೊರಬಿದ್ದು ತಳಕ್ಕಿಳಿಯುತ್ತವೆ. ಅವನ್ನು ತೆಗೆದು, ಮತ್ತಷ್ಟು ಮೆಥನಾಲನ್ನು ಹಾಕಿದರೆ ಅವುಗಳಿಗಿಂತ ಗಿಡ್ಡವಾದವು ಇಳಿಯುತ್ತವೆ. ಹೀಗೆ ಒಂದೇ ಸೀಸೆಯ ವಸ್ತುವು ಹಲವು ಭಾಗಗಳಾಗಿ ಬೇರ್ಪಡುತ್ತದೆ. ಪ್ರತಿಭಾಗದ ಸ್ನಿಗ್ಧತೆಯೂ ಬೇರೆ. ಅಂದಮೇಲೆ ಕೃತಕ ಪಾಲಿಮರಿಗೆ ಹೇಳುವ ಅಣುತೂಕವು ಯಾವ ಒಂದು ಅಣುವಿನ ತೂಕವೂ ಅಲ್ಲ. ಅಸಂಖ್ಯ ಅಣುಗಳ ಸರಾಸರಿ. ಒಂದೊಂದು ಸರಪಣಿಯ ಬೆಳವಣಿಗೆಯೂ ಆಕಸ್ಮಿಕವಾಗಿ ಒಂದೊಂದು ಘಟ್ಟದಲ್ಲಿ ನಿಲ್ಲುವುದರಿಂದ ಈ ಬೆರಕೆ ಅನಿವಾರ್ಯ. ಇದು ಅಶುದ್ಧಿಯಲ್ಲ, ಆ ವಸ್ತುವಿನ ಸಹಜ ಲಕ್ಷಣವೇ ಹೌದು.

ಇಷ್ಟೇ ಅಲ್ಲ, ಸರಾಸರಿಯೂ ಒಂದೇ ಬಗೆಯದಲ್ಲ. ಹೂವಾಡಗಿತ್ತಿಯ ಬುಟ್ಟಿಯಲ್ಲಿ ಹತ್ತು ಹೂಮಾಲೆಗಳಿವೆಯೆಂದು ಭಾವಿಸೋಣ. ಒಂಬತ್ತು ಮಾಲೆಗಳಲ್ಲಿ ತಲಾ 10 ಹೂಗಳು. ಹತ್ತನೆಯದರಲ್ಲಿ 110 ಹೂಗಳು. ಒಟ್ಟು 200 ಹೂಗಳನ್ನು ಹತ್ತು ಮಾಲೆಗಳಿಗೆ ಹಂಚಿದರೆ ಸರಾಸರಿ ಮಾಲೆಗೆ 20 ಹೂಗಳಾದವು. ಇದು ಮಾಲೆಗಳನ್ನು ಎಣಿಸಿ ಪಡೆದ ಸರಾಸರಿ. ಇದಕ್ಕೆ ಬದಲಾಗಿ ಪ್ರತಿಯೊಂದು ಹೂವನ್ನೂ ಅದು ಎಷ್ಟು ಹೂಗಳ ಮಾಲೆಗೆ ಸೇರಿದೆಯೆಂದು ವಿಚಾರಿಸೋಣ. 90 ಹೂಗಳು ಹತ್ತರ ಮಾಲೆಗೂ 110 ಹೂಗಳು ನೂರಹತ್ತರ ಮಾಲೆಗೂ ಸೇರಿವೆ. ಈ ಉತ್ತರಗಳ ಸರಾಸರಿ 65. ಬುಟ್ಟಿ ಒಂದೇ, ಮಾಲೆಗಳು ಅವೇ. ಆದರೂ ಒಂದು ಲೆಕ್ಕದಲ್ಲಿ 20, ಇನ್ನೊಂದರಲ್ಲಿ 65. ಎರಡೂ ಸರಿಯಾದ ಸಂಖ್ಯೆಗಳೇ. ಎಲ್ಲ ಮಾಲೆಗಳೂ ಸಮನಾಗಿದ್ದ ಪಕ್ಷದಲ್ಲಿ ಮಾತ್ರ ಎರಡು ಸರಾಸರಿಗಳೂ ಒಂದೇ ಆಗುತ್ತವೆ. ಅವುಗಳ ನಡುವಣ ಅಂತರವು ಎಷ್ಟು ದೊಡ್ಡದೋ ಮಾದರಿಯಲ್ಲಿನ ಗಾತ್ರಗಳ ಹರವೂ ಅಷ್ಟು ವಿಸ್ತಾರವಾದುದೆಂದು ತಿಳಿಯಬೇಕು.

ಪಾಲಿಮರ್ ದ್ರಾವಣಗಳಲ್ಲಿಯೂ ಹೀಗೆಯೇ. ಪರಾಸರಣ ಒತ್ತಡದ ಅಳತೆ, ತುದಿಗಳ ವಿಶ್ಲೇಷಣೆ ಇವು ಅಣುಗಳನ್ನು ಎಣಿಸುವ ವಿಧಾನಗಳು. ಮೊದಲನೆಯ ಬಗೆಯ ಸರಾಸರಿಯನ್ನು ಕೊಡುತ್ತವೆ. ದ್ರಾವಣವು ಬೆಳಕನ್ನು ಚದುರಿಸುವುದನ್ನು ಅಳೆಯುವ, 1944ರಲ್ಲಿ ಪೀಟರ್ ಡಿಬೈ ಅವರು ರೂಪಿಸಿದ ವಿಧಾನವು ಎರಡನೆಯ ಬಗೆಯದನ್ನು ಕೊಡುತ್ತದೆ. ಸ್ನಿಗ್ಧತೆಯಿಂದ ದೊರೆಯುವುದು ಇವೆರಡರ ನಡುವೆ, ಸಾಮಾನ್ಯವಾಗಿ ಎರಡನೆಯದಕ್ಕೆ ಸಮೀಪವಾಗಿ, ಬೀಳುತ್ತದೆ. ಫ್ರೈಬುರ್ಗಿನಲ್ಲಿ ಸ್ಟೌಡಿಂಗರ್ ಅವರ ಸಹೋದ್ಯೋಗಿಯಾಗಿದ್ದ ಗ್ಯುಂಟರ್ ವಿಕ್ಟರ್ ಶುಲ್ಟ್ಸ್ ಅವರು 1930ರ ದಶಕದಲ್ಲಿ ಸರಪಣಿಗಳ ಉದ್ದಗಳು ಹೇಗೆ ಹರಡಿಕೊಂಡಿರುತ್ತವೆಂಬುದಕ್ಕೆ ಗಣಿತಸೂತ್ರವನ್ನು ರಚಿಸಿದರು. ಅಮೆರಿಕದಲ್ಲಿ ಪಾಲ್ ಫ್ಲೋರಿ ಅವರು 1936ರಲ್ಲಿ, ನೈಲಾನಿನಂತಹ ಪಾಲಿಮರುಗಳಿಗೆ ಅನ್ವಯಿಸುವ ಹರವನ್ನು ಸಂಭಾವ್ಯತೆಯ ತತ್ತ್ವದಿಂದ ನಿರೂಪಿಸಿದರು.

ಉಪ್ಸಾಲಾದ ಸಾಕ್ಷಿ

ಸ್ವತಂತ್ರವಾದ ಇನ್ನೊಂದು ಸಾಕ್ಷ್ಯವು ಸ್ವೀಡನ್ನಿನಿಂದ ಬಂದಿತು. ಉಪ್ಸಾಲಾ ವಿಶ್ವವಿದ್ಯಾಲಯದ ಥಿಯೊಡರ್ ಸ್ವೆಡ್‌ಬರ್ಗ್ ಅವರು 1920ರ ದಶಕದಲ್ಲಿ ಅತಿವೇಗದ ಅಪಕೇಂದ್ರಕ ಯಂತ್ರವನ್ನು ನಿರ್ಮಿಸಿದ್ದರು. ಭೂಮಿಯ ಗುರುತ್ವದ ಲಕ್ಷಪಟ್ಟು ಬಲವನ್ನು ಅದರಲ್ಲಿ ಉಂಟುಮಾಡಬಹುದಾಗಿತ್ತು. ಮೊಸರು ಕಡೆದಾಗ ಬೆಣ್ಣೆ ಮೇಲೇರುವುದನ್ನು ನಾವು ಬಲ್ಲೆವು. ಇಲ್ಲಿ ಇದಕ್ಕೆ ವಿರುದ್ಧವಾಗಿ, ದ್ರಾವಣದಲ್ಲಿನ ಅಣುಗಳು ನಾಳದ ತಳದತ್ತ ಸಾಗುತ್ತವೆ. ಅವು ಸಾಗುವ ಬಗೆಯನ್ನು ಬೆಳಕಿನ ನೆರವಿನಿಂದ ಛಾಯಾಚಿತ್ರ ತೆಗೆದು, ಅಣುವಿನ ತೂಕವನ್ನು ಲೆಕ್ಕಹಾಕುತ್ತಾರೆ. ರಕ್ತದಲ್ಲಿನ ಹೀಮೊಗ್ಲೋಬಿನ್ನಿನ ಅಣುತೂಕವು ಸುಮಾರು 68,000 ಎಂದು ಸ್ವೆಡ್‌ಬರ್ಗ್ ಅವರು ಹೀಗೆ ಕಂಡುಕೊಂಡರು. 1926ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

ಪ್ರೋಟೀನಿನ ದ್ರಾವಣದಲ್ಲಿ ಅಣುಗಳೆಲ್ಲ ಒಂದೇ ಗಾತ್ರದವಾದುದರಿಂದ ಅವು ಸಾಲುಗಟ್ಟಿದ ಸೈನಿಕರಂತೆ ಒಟ್ಟಾಗಿ ಸಾಗುತ್ತವೆ. ದ್ರಾವಣ ಮತ್ತು ದ್ರಾವಕದ ನಡುವಣ ಗಡಿ ಚೂಪಾಗಿರುತ್ತದೆ. ಕೃತಕ ಪಾಲಿಮರಿನ ಅಣುಗಳಾದರೋ ಜಾತ್ರೆಯಿಂದ ಮರಳುವ ಜನರಂತೆ, ಭಾರವಾದವು ಮುಂದೆ, ಹಗುರವಾದವು ಹಿಂದೆ, ಚದುರಿ ಸಾಗುತ್ತವೆ, ಗಡಿ ಹರಡಿಕೊಳ್ಳುತ್ತದೆ. ಆ ಹರಡಿಕೆಯೇ ಗಾತ್ರಗಳ ಹರವಿನ ಚಿತ್ರವಾಗುತ್ತದೆ. ಸ್ಟೌಡಿಂಗರ್ ಅವರ ಶಿಷ್ಯರಾದ ಸ್ವಿಟ್ಜರ್ಲೆಂಡಿನ ರುಡಾಲ್ಫ್ ಸಿಗ್ನರ್ ಅವರು ಉಪ್ಸಾಲಾಕ್ಕೆ ಹೋಗಿ ಈ ಯಂತ್ರದಲ್ಲಿ ಪಾಲಿಸ್ಟೈರೀನನ್ನು ಪರೀಕ್ಷಿಸಿದರು. 1934ರಲ್ಲಿ ಸಿಗ್ನರ್ ಮತ್ತು ಗ್ರಾಸ್ ಅವರ ಪ್ರಬಂಧವು ಪ್ರಕಟವಾಯಿತು. ಕೃತಕ ಪಾಲಿಮರಿನ ಅಣುಗಳು ನಿಜವಾಗಿಯೂ ಬೃಹತ್ತಾದುವೆಂಬುದಕ್ಕೆ ಸ್ನಿಗ್ಧತೆಯನ್ನು ಅವಲಂಬಿಸದ ಸಾಕ್ಷಿ ದೊರೆಯಿತು. ಇದೇ ಸಿಗ್ನರ್ ಅವರು ಮುಂದೆ ಅತ್ಯಂತ ಜತನದಿಂದ ಶುದ್ಧಗೊಳಿಸಿದ ಡಿ.ಎನ್.ಎ.ಯನ್ನು 1950ರಲ್ಲಿ ಲಂಡನ್ನಿನ ಸಂಶೋಧಕರಿಗೆ ಹಂಚಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಸಿದ್ಧ ಕ್ಷ-ಕಿರಣ ಚಿತ್ರಗಳಿಗೆ ಆ ಮಾದರಿಯೇ ಆಧಾರವಾಯಿತು.

ನಿಯಮದ ಮಿತಿ

ಬೃಹದಣುಗಳ ವಿಷಯದಲ್ಲಿ ಸ್ಟೌಡಿಂಗರ್ ಅವರ ನಿಲುವು ಸತ್ಯವೆಂದು ಸಿದ್ಧವಾದರೂ ಅವರ ಸ್ನಿಗ್ಧತಾ ನಿಯಮವು ಮೂಲರೂಪದಲ್ಲಿ ಉಳಿಯಲಿಲ್ಲ. ಸರಪಣಿಗಳು ದ್ರಾವಣದಲ್ಲಿ ಬಿರುಸಾದ ಕಡ್ಡಿಗಳಂತೆ ನೆಟ್ಟಗಿರುತ್ತವೆಂದು ಅವರು ಭಾವಿಸಿದ್ದರು. ವರ್ನರ್ ಕೂನ್, ಹರ್ಮನ್ ಮಾರ್ಕ್ ಮೊದಲಾದವರು, ಸರಪಣಿಯ ಕೊಂಡಿಗಳು ತಿರುಗಬಲ್ಲವಾದ್ದರಿಂದ ಅದು ಸಡಿಲವಾದ ನೂಲಿನ ಉಂಡೆಯಂತೆ ಸುರುಳಿಗೊಂಡಿರುವುದೆಂದು ತೋರಿಸಿದರು. ಆದಕಾರಣ ಸ್ನಿಗ್ಧತೆಯು ಅಣುತೂಕದೊಡನೆ ನೇರವಾಗಿ ಏರದೆ, ಅಣುತೂಕದ ಒಂದು ಘಾತಕ್ಕೆ ಅನುಗುಣವಾಗಿ ಏರುತ್ತದೆ. ಬಳುಕುವ ಸರಪಣಿಗಳಲ್ಲಿ ಆ ಘಾತಾಂಕವು ಸಾಧಾರಣವಾಗಿ 0.5ರಿಂದ 0.8ರವರೆಗೆ ಇರುತ್ತದೆ. ಸಣ್ಣ ಸರಪಣಿಗಳಿಂದ ಪಡೆದ ಸ್ಥಿರಾಂಕವನ್ನೇ ಬಳಸಿದರೆ ಅತಿ ಉದ್ದ ಸರಪಣಿಗಳ ತೂಕವು ನಿಜಕ್ಕಿಂತ ಕಡಮೆಯಾಗಿ ತೋರುತ್ತದೆ. ಮಾರ್ಕ್ ಮತ್ತು ಹೌವಿಂಕ್ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ತಿದ್ದಿದ ಸೂತ್ರವು ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಸ್ಟೌಡಿಂಗರ್ ಅವರು ಈ ತಿದ್ದುಪಡಿಗೆ ಸುಲಭವಾಗಿ ಮಣಿಯಲಿಲ್ಲ. ಬಹುಮತದ ಎದುರು ನಿಲ್ಲಲು ಅವರಿಗೆ ನೆರವಾಗಿದ್ದ ದೃಢತೆಯೇ ಇಲ್ಲಿ ಹಟವಾಗಿ ಪರಿಣಮಿಸಿತೆನ್ನಬೇಕು. ಆದರೆ ಅವರೇ ಕಲಿಸಿಕೊಟ್ಟ ಅಳತೆಯ ಮಾರ್ಗದಿಂದಲೇ ಅವರ ನಿಯಮವು ತಿದ್ದಲ್ಪಟ್ಟಿತು ಎಂಬುದನ್ನು ಮರೆಯಲಾಗದು. ಪ್ರಮಾಣಕ್ಕೆ ಹಿರಿಯರ ಮಾತಲ್ಲ, ಅಳತೆಯೇ ಆಧಾರವೆಂದು ಅವರು ಲೋಕಕ್ಕೆ ಹೇಳಿದ್ದರು; ಆ ತತ್ತ್ವವು ಅವರಿಗೂ ಅನ್ವಯಿಸಿತು.

ಕಷ್ಟದ ದಿನಗಳು

1933ರಲ್ಲಿ ನಾಜಿ ಪಕ್ಷವು ಅಧಿಕಾರಕ್ಕೆ ಬಂದ ಮೇಲೆ ಅವರ ಹಿಂದಿನ ಶಾಂತಿಪರ ಬರಹಗಳು ಅವರಿಗೆ ಮುಳುವಾದವು. ಆಗ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಅವರು ಸರ್ಕಾರಕ್ಕೆ ಗುಪ್ತವಾಗಿ ದೂರಿತ್ತರು. 1934ರ ಫೆಬ್ರುವರಿಯಲ್ಲಿ ಅವರನ್ನು ಕೆಲಸದಿಂದ ತೆಗೆಯಬೇಕೆಂದು ಶಿಫಾರಸು ಮಾಡಿದರು. ಸ್ಟೌಡಿಂಗರ್ ಅವರಿಂದ ರಾಜೀನಾಮೆಯನ್ನು ಬರೆಸಿಕೊಂಡು ಅದನ್ನು ಕೆಲವು ಕಾಲ ತಡೆಹಿಡಿಯಲಾಯಿತು. ಕತ್ತಿಯು ತಲೆಯ ಮೇಲೆ ತೂಗುತ್ತಿದ್ದ ಆ ದಿನಗಳಲ್ಲಿ ಅವರು ರಾಷ್ಟ್ರಕ್ಕೆ ರಸಾಯನಶಾಸ್ತ್ರದಿಂದಾಗುವ ಉಪಯೋಗವನ್ನು ಕುರಿತು, ಆಳುವವರಿಗೆ ಒಪ್ಪುವಂತೆ ಬರೆಯಬೇಕಾಯಿತು. ಪೀಠವು ಉಳಿಯಿತು, ಆದರೆ ಮುಂದೆ ವಿದೇಶಪ್ರಯಾಣಕ್ಕೆ ಅನುಮತಿ ನಿರಾಕರಿಸಲ್ಪಟ್ಟಿತು.

ಈ ಅವಧಿಯಲ್ಲಿ ಅವರಿಗೆ ಆಸರೆಯಾಗಿದ್ದವರು ಪತ್ನಿ ಮ್ಯಾಗ್ಡಾ. ಲಾಟ್ವಿಯಾ ಮೂಲದ ಆಕೆ ಸಸ್ಯವಿಜ್ಞಾನದಲ್ಲಿ ಪರಿಣತೆ; ಬೃಹದಣುಗಳಿಗೂ ಜೀವಕೋಶಗಳಿಗೂ ಇರುವ ಸಂಬಂಧದ ಸಂಶೋಧನೆಯಲ್ಲಿ ಪತಿಯ ಸಹಭಾಗಿನಿ. ಬಾಲ್ಯದ ಸಸ್ಯಪ್ರೇಮವು ಹೀಗೆ ಬೇರೊಂದು ದಾರಿಯಿಂದ ಅವರ ಬಳಿಗೆ ಮರಳಿ ಬಂದಿತ್ತು. 1940ರಲ್ಲಿ ಅವರು ಬೃಹದಣು ರಸಾಯನಕ್ಕೆಂದೇ ಸಂಶೋಧನಾ ವಿಭಾಗವನ್ನು ಸ್ಥಾಪಿಸಿದರು. ಅದು ನೆಲೆಯೂರುವಷ್ಟರಲ್ಲಿಯೇ 1944ರ ನವೆಂಬರ್ 27ರ ರಾತ್ರಿ ಫ್ರೈಬುರ್ಗ್ ನಗರದ ಮೇಲೆ ನಡೆದ ಬಾಂಬಿನ ದಾಳಿಯಲ್ಲಿ ಅವರ ಸಂಸ್ಥೆಯ ಕಟ್ಟಡವು ನಾಶವಾಯಿತು. ಆಗ ಅವರಿಗೆ ಅರವತ್ತಮೂರು ವರ್ಷ. ಎದೆಗುಂದದೆ ಮತ್ತೆ ಕೆಲಸವನ್ನಾರಂಭಿಸಿದರು. 1947ರಲ್ಲಿ ಬೃಹದಣು ರಸಾಯನಕ್ಕೆ ಮೀಸಲಾದ ಪತ್ರಿಕೆಯನ್ನು ಹೊರತಂದರು.

ಮನ್ನಣೆ ಮತ್ತು ಫಲ

1951ರಲ್ಲಿ ಅವರು ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. 1953ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಮೊದಲ ಪ್ರಬಂಧ ಪ್ರಕಟವಾಗಿ ಆಗಲೇ ಮೂವತ್ತಮೂರು ವರ್ಷಗಳು ಸಂದಿದ್ದವು. ಅಷ್ಟರಲ್ಲಿ ನೈಲಾನ್, ಪಾಲಿಥೀನ್, ಕೃತಕ ರಬ್ಬರುಗಳು ಕಾರ್ಖಾನೆಗಳಿಂದ ಹೊರಬಂದು ಜನರ ಕೈಸೇರಿದ್ದವು. 1961ರಲ್ಲಿ ತಮ್ಮ ಸಂಶೋಧನೆಯ ನೆನಪುಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗಿನಲ್ಲಿ ಕಾಲವಾದರು. ಅವರು ದುಡಿದ ಸಂಸ್ಥೆಯಲ್ಲಿ ಜರ್ಮನ್ ಮತ್ತು ಅಮೆರಿಕನ್ ರಸಾಯನ ಸಂಘಗಳು 1999ರಲ್ಲಿ ಸ್ಮಾರಕಫಲಕವನ್ನು ಸ್ಥಾಪಿಸಿವೆ.

ಅಣುಗಳ ಗಾತ್ರದ ಹರವನ್ನು ಅಳೆಯುವುದು ಕೇವಲ ಪಂಡಿತರ ಕುತೂಹಲವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. ಎರಡನೆಯ ಮಹಾಯುದ್ಧದಲ್ಲಿ, ರಕ್ತ ದೊರೆಯದಿದ್ದಾಗ ಗಾಯಾಳುಗಳ ರಕ್ತನಾಳಕ್ಕೆ ಪಾಲಿವಿನೈಲ್‌ಪಿರೊಲಿಡೋನ್ ಎಂಬ ಕೃತಕ ಪಾಲಿಮರಿನ ದ್ರಾವಣವನ್ನು ಜರ್ಮನ್ ವೈದ್ಯರು ಕೊಡುತ್ತಿದ್ದರು. ಅದರಲ್ಲಿನ ಸಣ್ಣ ಅಣುಗಳು ಮೂತ್ರಪಿಂಡದ ಮೂಲಕ ಬೇಗನೆ ಹೊರಹೋಗುತ್ತಿದ್ದವು. ಅತಿ ದೊಡ್ಡ ಅಣುಗಳು ಹೊರಹೋಗಲಾರದೆ ದೇಹದ ಅಂಗಗಳಲ್ಲಿ ಶೇಖರವಾಗಿಬಿಡುತ್ತಿದ್ದವು. ಸರಾಸರಿ ಸರಿಯಾಗಿದ್ದ ಮಾತ್ರಕ್ಕೆ ಔಷಧ ನಿರಪಾಯಕಾರಿಯಾಗದು. ಸರಾಸರಿಯ ಆಚೀಚೆ ಎಷ್ಟು ಅಣುಗಳಿವೆಯೆಂಬುದೂ ತಿಳಿದಿರಬೇಕು. ಪ್ಲಾಸ್ಟಿಕ್ಕಿನಲ್ಲಿಯೂ ಇದೇ ನ್ಯಾಯ. ಗಿಡ್ಡ ಸರಪಣಿಗಳು ಹೆಚ್ಚಾದರೆ ವಸ್ತುವು ಬೇಗ ಒಡೆಯುತ್ತದೆ. ಅತಿ ಉದ್ದ ಸರಪಣಿಗಳು ಹೆಚ್ಚಾದರೆ ಗಟ್ಟಿತನ ಬಂದರೂ ಕರಗಿಸಿ ಅಚ್ಚಿಗೆ ಹರಿಸುವುದು ಕಷ್ಟವಾಗುತ್ತದೆ.

1964ರಲ್ಲಿ ಅಮೆರಿಕದ ಡೌ ಕಂಪನಿಯ ಜಾನ್ ಮೂರ್ ಅವರು ಸೂಕ್ಷ್ಮರಂಧ್ರಗಳುಳ್ಳ ಮಣಿಗಳನ್ನು ತುಂಬಿದ ಕಂಬದ ಮೂಲಕ ಪಾಲಿಮರ್ ದ್ರಾವಣವನ್ನು ಹರಿಸುವ ವಿಧಾನವನ್ನು ಪ್ರಕಟಿಸಿದರು. ಸಣ್ಣ ಅಣುಗಳು ಮಣಿಗಳ ರಂಧ್ರಗಳನ್ನು ಹೊಕ್ಕು ತಡವಾಗಿ ಬರುತ್ತವೆ. ದೊಡ್ಡವು ಹೊಗಲಾರದೆ ಮೊದಲೇ ಹೊರಬರುತ್ತವೆ. ಹಿಂದೆ ಬಹುದಿನಗಳ ಶ್ರಮವನ್ನು ಬೇಡುತ್ತಿದ್ದ ಹರವಿನ ಚಿತ್ರವು ಇಂದು ಒಂದು ಗಂಟೆಯೊಳಗೆ ಕೈಗೆ ಸಿಗುತ್ತದೆ. ಉಪಕರಣಗಳು ಬದಲಾಗಿವೆ, ಆದರೆ ಈ ಅಣುಗಳು ಬೃಹತ್ತಾದುವು, ಅವು ಒಂದೇ ಗಾತ್ರದವಲ್ಲ, ಅವುಗಳ ಹರವನ್ನು ಅಳೆಯಲೇಬೇಕು ಎಂಬ ಮೂಲ ತಿಳಿವು ಬದಲಾಗಿಲ್ಲ.

ಗಾಜಿನ ಒಂದು ನಳಿಕೆ, ಒಂದು ಗಡಿಯಾರ, ಹದವಾದ ನೀರಿನ ತೊಟ್ಟಿ ಇಷ್ಟರಿಂದಲೇ ಒಂದು ಶಾಸ್ತ್ರದ ಬುನಾದಿಯನ್ನು ಹಾಕಬಹುದೆಂದು ಸ್ಟೌಡಿಂಗರ್ ಅವರ ಜೀವನವು ತೋರಿಸುತ್ತದೆ. ಬೆಲೆಬಾಳುವ ಯಂತ್ರಗಳು ಬೇಡವೆಂದಲ್ಲ. ಯಂತ್ರ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲವೆಂದು ಅರ್ಥ. ಕಲಿಸುವವರೂ ಕಲಿಯುವವರೂ ಅವರಿಂದ ಗ್ರಹಿಸಬೇಕಾದ ಪಾಠ ಎರಡು ಬಗೆಯದು. ಅಳೆದು ಕಂಡ ಸತ್ಯವನ್ನು ಲೋಕವೆಲ್ಲ ಅಲ್ಲಗಳೆದರೂ ಬಿಡಬಾರದು. ಹೊಸ ಅಳತೆಯು ತನ್ನ ಮಾತನ್ನೇ ತಿದ್ದಿದಾಗ ಒಪ್ಪಲು ಹಿಂಜರಿಯಬಾರದು. ಮೊದಲನೆಯದನ್ನು ಅವರು ಪೂರ್ಣವಾಗಿ ಸಾಧಿಸಿದರು. ಎರಡನೆಯದು ಎಂತಹವರಿಗೂ ಕಠಿಣವೆಂಬುದನ್ನು ಅವರ ಬಾಳೇ ತಿಳಿಸುತ್ತದೆ.